ಗಿರಿಜಾ ಊರು ನೋಡಿದ ಬೇಸಿಗೆ

ಬಿಸಿಲಿನ ಝಳ ಬಡಿಯಬಹುದಿತ್ತು. ಕಬ್ಬಿನ ಹಾಲಿಗೆ ಹಾಕುವ ಐಸಿನಿಂದ ಕಾಮಾಲೆ ಬರಬಹುದಿತ್ತು. ಮೃಗಾಲಯದಲ್ಲಿ ಮಗಳ ಬೆರಳು ಮಂಗನ ಪಂಜರದೊಳಗೆ ಹೋಗಬಹುದಿತ್ತು. ಹುಸೇನ್ ಸಾಗರದ ದೋಣಿ ನಡುನೀರಿನಲ್ಲಿ ಕೆಟ್ಟು ನಿಲ್ಲಬಹುದಿತ್ತು, ಮನೆಯಲ್ಲಿ ಈಜು ಬರುವವರು ಯಾರೂ ಇರಲಿಲ್ಲ. ಹೋಟೆಲಿನ ಒಂದೇ ಸೌಟು ಎರಡು ಪಾತ್ರೆಗಳಲ್ಲಿ ಆಡಿ, ಹುಟ್ಟಿದಾಗಿನಿಂದ ಮಾಂಸ ಮುಟ್ಟದ ನನ್ನ ಹೆಂಡತಿಯ ತಟ್ಟೆಗೆ ಬಿರಿಯಾನಿಯ ತುಣುಕೊಂದು ಬಂದು ಬೀಳಬಹುದಿತ್ತು. ಸಿಟಿ ಬಸ್ಸಿನ ನೂಕುನುಗ್ಗಲಿನಲ್ಲಿ ಅವಳ ಕೊರಳ ಸರ ಹೋಗಬಹುದಿತ್ತು. ಗೋಲ್ಕೊಂಡದ ಮೆಟ್ಟಿಲುಗಳಲ್ಲಿ ಯಾರದಾದರೂ ಕಾಲು ಉಳುಕಬಹುದಿತ್ತು. ಅತ್ತ ನಾವು ಊರು ಸುತ್ತುತ್ತಿದ್ದಾಗ ಇತ್ತ ಕೂಲರಿನ ವೈರು ಸುಟ್ಟು ಮನೆಗೇ ಬೆಂಕಿ ಹತ್ತಬಹುದಿತ್ತು. ಇದ್ಯಾವುದೂ ಆಗದೆ ಎಲ್ಲ ಸುಸೂತ್ರವಾಗಿ ನಡೆದು, ಕೊನೆಗೆ ಗಿರಿಜಾ, "ಊರೇನೋ ಛಲೋ ಅದರಿ, ಆದ್ರ ನಾ ಬರಂಗಿಲ್ಲ" ಎಂದುಬಿಡಬಹುದಿತ್ತು. ನಿಜವಾಗಿ ನಾನು ಹೆದರಿದ್ದು ಈ ಕೊನೆಯದಕ್ಕೇ. ಉಳಿದವೆಲ್ಲ ಅದರ ಮೇಲೆ ಹೊದಿಸಿದ ಚಾದರಗಳು.

ಇದೆಲ್ಲ ನೆನಪಾದದ್ದು ಮೊನ್ನೆ ಮೆಟ್ರೋದಲ್ಲಿ. ಮೂಸಾಪೇಟೆಯಲ್ಲಿ ಹತ್ತಿದ ಹಿರಿಯರೊಬ್ಬರ ತೊಡೆಯ ಮೇಲೆ ಕೂಲರಿಗೆ ಹಾಕುವ ಹೊಸ ಹುಲ್ಲಿನ ಕಟ್ಟು ಇತ್ತು. ಏಸಿಯ ತಂಪಿನಲ್ಲಿ ಕುಳಿತ ಜನರೆಲ್ಲ ಫೋನಿನಲ್ಲಿ ಮುಳುಗಿದ್ದಾಗ ಆ ಒಣಹುಲ್ಲಿನ ವಾಸನೆ ಮೆಲ್ಲಗೆ ಡಬ್ಬಿಯ ತುಂಬ ಹರಡಿತು. ನನಗೆ ಮಾತ್ರ ಆ ಹುಲ್ಲಿನ ಮೇಲೆ ಆಗಲೇ ನೀರು ಬಿದ್ದಂತಾಯಿತು. ಕೂಕಟ್‌ಪಲ್ಲಿಯ ಗಲ್ಲಿಯೊಂದರ ಮೊದಲ ಮಹಡಿ, ಕಿಟಕಿಗೆ ಕಟ್ಟಿದ ತಗಡಿನ ಕೂಲರು, ಅದರ ಅಬ್ಬರ ಎಲ್ಲ ಬಂದುಬಿಟ್ಟವು. ಆ ಕೂಲರು ಎಷ್ಟು ಸದ್ದು ಮಾಡುತ್ತಿತ್ತೆಂದರೆ ಅದು ತಿರುಗುತ್ತಿರುವಾಗ ಜಗಳವಾಡುವುದು ಸಾಧ್ಯವಿರಲಿಲ್ಲ. ಹಾಗಾಗಿ ಗಿರಿಜಾ ಎದ್ದು ಹೋಗಿ ಕೂಲರಿನ ಸ್ವಿಚ್ಚು ಆರಿಸಿದಳೆಂದರೆ ನನ್ನ ಎದೆ ಡವಗುಟ್ಟತೊಡಗುತ್ತಿತ್ತು.

ಊರಿಗೆ ಆಗ ಸಾಫ್ಟ್‌ವೇರ್ ಜ್ವರ ಏರಿತ್ತು. ಮಾದಾಪುರದ ಕಡೆ ಬಂಡೆ ಒಡೆಯುವ ಸದ್ದು ನಿಲ್ಲುತ್ತಲೇ ಇರಲಿಲ್ಲ. ಬಂಡೆ ಹೋದ ಜಾಗದಲ್ಲಿ ಗಾಜಿನ ಕಟ್ಟಡ ಏಳುತ್ತಿತ್ತು. ಅಮೀರ್‌ಪೇಟೆಯಲ್ಲಿ ಗೋಡೆ, ಕಂಬ, ಮರ ಒಂದನ್ನೂ ಬಿಡದೆ ಕಂಪ್ಯೂಟರ್ ಕೋರ್ಸುಗಳ ಹೆಸರು ಅಂಟಿಸಿದ್ದರು. ನಾನು ಈ ಯಾವುದಕ್ಕೂ ಸೇರಿದವನಲ್ಲ. ಬಾಲಾನಗರದ ಕಡೆಯ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರ ಅಕೌಂಟ್ಸ್ ಸೆಕ್ಷನ್ನಿನಲ್ಲಿ, ಫ್ಯಾನಿನ ಕೆಳಗೆ ಹಾರುವ ಕಾಗದಗಳ ಮೇಲೆ ಪೇಪರ್‌ವೇಟು ಇಡುತ್ತ ಕುಳಿತವನು. ನಮ್ಮದು ರಾಣೇಬೆನ್ನೂರು. ಹೈದರಾಬಾದಿಗೆ ವರ್ಗವಾಗಿ ಬಂದು ಒಂದಷ್ಟು ವರ್ಷಗಳಾಗಿದ್ದರೂ ಊರು ನನಗೆ ಒಗ್ಗಿರಲಿಲ್ಲ. ಬಿಸಿಲಿಗೆ ಹೆದರುತ್ತಿದ್ದೆ, ನನ್ನ ಹಿಂದಿಗೆ ಆಟೋದವರು ನಗುತ್ತಿದ್ದರು, ತೆಲುಗು ಅರ್ಧ ಅರ್ಥವಾಗುತ್ತಿತ್ತು. ಅರ್ಥವಾಗದ ಇನ್ನರ್ಧವೇ ಮುಖ್ಯವಾದದ್ದು ಎಂಬ ಅನುಮಾನ ನನಗೆ ಸದಾ ಇತ್ತು.

ಗಿರಿಜಾ ಕಲಬುರ್ಗಿಯಲ್ಲಿ ಒಂದು ಖಾಸಗಿ ಶಾಲೆಯ ಟೀಚರು. ಮಗಳು ಪಲ್ಲವಿಯೂ ಅವಳ ಜೊತೆಯೇ ಇದ್ದಳು. ನಾನು ಶನಿವಾರ ಸಂಜೆ ರೈಲು ಹಿಡಿದು ಹೋಗಿ ಭಾನುವಾರ ಸಂಜೆ ಹಿಂತಿರುಗುವ ಗಂಡ. ಹೀಗೇ ನಡೆದಿದ್ದಾಗ, ಕಾಚಿಗುಡದ ಕಡೆ ಒಂದು ಕನ್ನಡ ಶಾಲೆಯಲ್ಲಿ ಟೀಚರ ಜಾಗ ಖಾಲಿ ಬಿತ್ತು. ಅವರು ಗಿರಿಜಾಳನ್ನು ನೋಡಿ ಒಪ್ಪಿದರು. ನಾನು ಪೇಢೆ ತಂದೆ. ಗಿರಿಜಾ ಪೇಢೆ ಬಾಯಿಗೆ ಹಾಕಿಕೊಂಡೇ ಹೇಳಿದಳು.

"ಸಾಲಿ ಛಲೋ ಅದ. ಆದ್ರ ಅಷ್ಟಕ್ಕೇ ಹ್ಞೂಂ ಅನ್ನಲ್ಲ ನಾ. ಈ ಸೂಟಿ ಪೂರಾ ಇಲ್ಲೇ ಇರ್ತೀನಿ. ಐತವಾರಕ್ಕೊಮ್ಮೆ ಊರು ತೋರಸ್ರಿ. ನಿಮ್ಮ ಕೂಡ ಈ ಊರಾಗ ಇರ್ಲಿಕ್ಕಿ ಆಗ್ತದೋ ಇಲ್ಲೋ ನೋಡ್ತೀನಿ. ಸಾಲಿ ಚಾಲೂ ಆಗೂದಕ್ಕ ಮೊದ್ಲ ಹೇಳ್ತೀನಿ."

"ಆಗಲಿಲ್ಲ ಅಂದ್ರ?"

"ಅಂದ್ರ ಏನು? ರೈಲದ ಅಲ್ಲಾ? ನೀವು ಬರ್ತೀರಿ, ಹೋಗ್ತೀರಿ."

ಅವಳು ಇದನ್ನು ಸಿಟ್ಟಿನಿಂದ ಹೇಳಲಿಲ್ಲ. ಹಾಲಿನವನ ಲೆಕ್ಕ ಹೇಳುವಷ್ಟೇ ಸಲೀಸಾಗಿ ಹೇಳಿದಳು. ಸಿಟ್ಟಿನಿಂದ ಹೇಳಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ.

ನಮ್ಮ ಮೇಲಿನ ಮನೆಯಲ್ಲಿ ಸುಹಾಸ ಎಂಬ ಮೈಸೂರಿನ ಸಾಫ್ಟ್‌ವೇರ್ ಹುಡುಗನಿದ್ದ. ಅವನನ್ನು ಮೆಟ್ಟಿಲ ಮೇಲೆ ತಡೆದು, ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗುವುದಕ್ಕೆ ಈ ಊರಿನಲ್ಲಿ ಏನೇನಿದೆ ಎಂದು ಕೇಳಿದೆ. "ಅಯ್ಯೋ ಸಾರ್, ಏನಿಲ್ಲ ಹೇಳಿ! ವಾಟರ್ ಪಾರ್ಕ್ ಇದೆ, ಬೌಲಿಂಗ್ ಇದೆ, ಬಂಜಾರಾ ಹಿಲ್ಸಲ್ಲಿ ಬಫೆ ಇದೆ" ಎಂದು ಶುರುಮಾಡಿದವನು ನನ್ನ ಮುಖ ನೋಡಿ ನಿಲ್ಲಿಸಿದ. "ಅಂದ್ರೆ... ಸ್ವಲ್ಪ ಬಜೆಟ್ಟಲ್ಲಾ ಸಾರ್? ಹಾಗಾದ್ರೆ ಜೂ ಪಾರ್ಕ್ ಬೆಸ್ಟು." ಆ ಹುಡುಗನ ಸೂಕ್ಷ್ಮಕ್ಕೆ ನಾನು ಇಂದಿಗೂ ಕೃತಜ್ಞ.

ಹೀಗೆ ಮೊದಲ ಭಾನುವಾರ ಜೂ ಪಾರ್ಕು. ನಾನು ತಯಾರಿ ಮಾಡಿಕೊಂಡದ್ದನ್ನು ನೋಡಿದ್ದರೆ ಯಾರಾದರೂ ಮರುಭೂಮಿ ದಾಟುವವರೆಂದು ತಿಳಿಯುತ್ತಿದ್ದರು. ನೀರಿನ ಕ್ಯಾನು, ಗ್ಲುಕೋಸಿನ ಡಬ್ಬಿ, ನಿಂಬೆಹಣ್ಣು, ಕೊಡೆಗಳು, ಒದ್ದೆ ಟವೆಲು, ಮೊಸರನ್ನದ ಬುತ್ತಿ. ಇವುಗಳ ಜೊತೆಗೆ ತಲೆಗೊಂದರಂತೆ ಉಳ್ಳಾಗಡ್ಡಿ. ಜೇಬಿನಲ್ಲಿ ಉಳ್ಳಾಗಡ್ಡಿ ಇದ್ದರೆ ಝಳ ಬಡಿಯುವುದಿಲ್ಲ ಎಂದು ನಮ್ಮ ಸೆಕ್ಷನ್ನಿನವರೆಲ್ಲ ನಂಬಿದ್ದರು. ಇದಕ್ಕೆ ವಿಜ್ಞಾನ ಏನನ್ನುತ್ತದೋ ಗೊತ್ತಿಲ್ಲ. ಹೆಂಡತಿಯನ್ನು ಒಂದು ಊರಿಗೆ ಒಪ್ಪಿಸುವ ಕೆಲಸ ವಿಜ್ಞಾನಕ್ಕೆ ಇರಲಿಲ್ಲ, ನನಗಿತ್ತು.

"ನಾ ಕಲಬುರ್ಗಿಯಾಕಿರಿ," ಎಂದಳು ಗಿರಿಜಾ, ತನ್ನ ಪಾಲಿನ ಉಳ್ಳಾಗಡ್ಡಿಯನ್ನು ನನ್ನ ಜೇಬಿಗೇ ತುರುಕುತ್ತ. "ಈ ಬಿಸಲು ನಮ್ಮ ಊರಾಗ ನೆಳ್ಳಿಗಿ ಸಮ."

ಮೃಗಾಲಯದಲ್ಲಿ ನಾನು ಪ್ರಾಣಿಗಳನ್ನು ನೋಡಲಿಲ್ಲ. ಪಲ್ಲವಿಯ ಮಣಿಕಟ್ಟು ಹಿಡಿದುಕೊಂಡು ಸರಳುಗಳ ನಡುವಿನ ಅಂತರ ನೋಡಿದೆ. ಹುಲಿ ಮಲಗಿತ್ತು. ಮಲಗಿದ ಹುಲಿ ಎದ್ದರೆ ಓಡಲು ಯಾವ ಕಡೆ ದಾರಿಯಿದೆ ಎಂದು ನೋಡಿದೆ. "ಕೈ ಬಿಡಪ್ಪಾ, ಬೆವರ್ಲತ್ತದ" ಎಂದು ಪಲ್ಲವಿ ಅನ್ನುತ್ತಲೇ ಇದ್ದಳು. ನಾನು ಕೈ ಬದಲಾಯಿಸಿದೆನೇ ಹೊರತು ಬಿಡಲಿಲ್ಲ. ಹೊರಗೆ ಬಂದಾಗ ಬುತ್ತಿ ಬಿಚ್ಚೋಣವೆಂದೆ. ಗಿರಿಜಾ ಕೇಳಿಸಿಕೊಳ್ಳದೆ ಬಂಡಿಯೊಂದರ ಮುಂದೆ ನಿಂತು ಖಾರ ಮಂಡಕ್ಕಿ ಹೇಳಿದಳು. ಬಂಡಿಯವನು ಮಂಡಕ್ಕಿ ಕಲಸುತ್ತ, "ಪ್ಯಾಜ್ ಖತಂ ಹೋಗಯಾ ಅಮ್ಮಾ" ಎಂದು ಉಳ್ಳಾಗಡ್ಡಿ ತೀರಿದ್ದಕ್ಕೆ ಬೇಸರಪಟ್ಟ. ಗಿರಿಜಾ ತಿರುಗಿ ನನ್ನ ಜೇಬಿಗೆ ಕೈ ಹಾಕಿ ಉಳ್ಳಾಗಡ್ಡಿಗಳನ್ನೆಲ್ಲ ಹೊರಗೆಳೆದಳು.

"ಲೇವ್ ಭೈಯಾ, ಇದರ್ ದುಕಾನ್ ಹೈ."

ಬಂಡಿಯ ಸುತ್ತ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಬೆಳಗಿನಿಂದ ಬಿಸಿಲಿನ ವಿಷವನ್ನೆಲ್ಲ ಹೀರಿಕೊಂಡ ಉಳ್ಳಾಗಡ್ಡಿಯನ್ನು ತಿನ್ನಬಹುದೋ ಬಾರದೋ ಎಂಬ ಪ್ರಶ್ನೆ ಬಸ್ಸಿನಲ್ಲಿ ಕುಳಿತ ಮೇಲೂ ಹೋಗಲಿಲ್ಲ. ಆ ರಾತ್ರಿ ಇಬ್ಬರ ಹಣೆ ಮುಟ್ಟಿ ನೋಡಿದೆ. ಗಿರಿಜಾ ಕಣ್ಣು ಮುಚ್ಚಿಕೊಂಡೇ ನನ್ನ ಕೈಯನ್ನು ಸರಿಸಿದಳು.

ಮುಂದಿನ ಭಾನುವಾರ ಮೂಸಿ ನದಿಯ ದಂಡೆಯ ಮ್ಯೂಸಿಯಂ. ನೆರಳು ಇದೆ, ಫ್ಯಾನು ಇದೆ, ಕುಳಿತುಕೊಳ್ಳಲು ಬೆಂಚೂ ಇದೆ, ಅಪಾಯ ಕಡಿಮೆ ಎಂದು ನಾನೇ ಆರಿಸಿದ್ದು. ಅಲ್ಲಿನ ಗಡಿಯಾರದಿಂದ ಗೊಂಬೆಯೊಂದು ಹೊರಬಂದು ಗಂಟೆ ಬಾರಿಸುವುದನ್ನು ನೋಡಲು ಜನ ಜಾತ್ರೆಯಂತೆ ಕೂತಿದ್ದರು. ಗೊಂಬೆ ಬಾರಿಸಿತು, ಪಲ್ಲವಿ ಕುಣಿದಳು. ಇಲ್ಲಿಯವರೆಗೆ ಎಲ್ಲ ಸರಿ ಎಂದುಕೊಳ್ಳುವಷ್ಟರಲ್ಲಿ ಗಿರಿಜಾ ಇರಾನಿ ಚಹಾ ಕುಡಿಯಬೇಕೆಂದಳು.

ಚಾರ್‌ಮಿನಾರಿನ ಕಡೆಯ ಒಂದು ಹಳೆಯ ಇರಾನಿ ಹೋಟೆಲು. ಒಂದು ಮಗ್ಗುಲಲ್ಲಿ ಬಿರಿಯಾನಿಯ ಹಂಡೆ, ಇನ್ನೊಂದು ಮಗ್ಗುಲಲ್ಲಿ ಚಹಾದ ತಾಮ್ರದ ಪಾತ್ರೆ. ನಾವು ಪರದೆ ಬಿಟ್ಟ ಫ್ಯಾಮಿಲಿ ಖೋಲಿಯೊಳಗೆ ಕುಳಿತೆವು. ಸಮೋಸಾ ತಟ್ಟೆ ಬಂತು. ನಾನು ವೇಟರನ್ನು ನನ್ನ ದೂರದರ್ಶನದ ಹಿಂದಿಯಲ್ಲಿ ವಿಚಾರಿಸಿದೆ. ಇದರಲ್ಲಿ ಖೀಮಾ, ಅಂದರೆ ಕೊಚ್ಚಿದ ಮಾಂಸ, ಇಲ್ಲ ತಾನೆ? ಇಲ್ಲ. ಖೀಮಾ ಸಮೋಸಾ ಕರಿದ ಎಣ್ಣೆಯಲ್ಲೇ ಇದನ್ನೂ ಕರಿದಿಲ್ಲ ತಾನೆ? ಇಲ್ಲ. ಖಂಡಿತವಾಗಿ?

"ಸಾಬ್, ಪ್ಯಾಜ್ ಕಾ ಹೈ ಬೋಲೇ ನಾ," ಎಂದ ವೇಟರು. "ಕೈಕು ಇತ್ತಾ ಡರ್ತೇ?"

ನಾನು ಇಷ್ಟೇಕೆ ಹೆದರುತ್ತೇನೆಂಬ ಈ ಪ್ರಶ್ನೆಗೆ ಗಿರಿಜಾ ಕಿಲಕಿಲ ನಕ್ಕಳು. "ಉನೋ ಐಸೇಚ್ ಹೈ ಭೈಯಾ. ತುಮ್ ಚಾಯ್ ಲಾವ್, ಔರ್ ಬಿಸ್ಕೀಟ್."

ವೇಟರನ ಮುಖವೇ ಬದಲಾಯಿತು. "ಆಪ್ ಕಾಂ ಕೆ, ಆಪಾ?"

"ಗುಲ್ಬರ್ಗೆ ಕೆ."

"ಅರೇ! ಹಮಾರೀ ಖಾಲಾ ಉದರೀಚ್ ರೈತೀಂ!"

ತನ್ನ ಚಿಕ್ಕಮ್ಮ ಇರುವುದು ಅಲ್ಲಿಯೇ ಎಂದ ಮೇಲೆ ಇನ್ನೇನು, ಆತ ಪರದೆ ಸರಿಸಿ ನಿಂತು ದರ್ಗಾದ ಬೀದಿ, ಕೋಟೆಯ ಪಕ್ಕದ ಬಜಾರು, ಅಲ್ಲಿನ ಬಿಸಿಲು ಎಲ್ಲ ವಿಚಾರಿಸಿದ. ಗಿರಿಜಾ ಅವನದೇ ದಖನಿ ಉರ್ದುವಿನಲ್ಲಿ ಉತ್ತರ ಕೊಡುತ್ತ ಹೋದಳು. ನಾನು ಪರದೇಶದಿಂದ ಬಂದವನ ಹಾಗೆ ಇಬ್ಬರ ಬಾಯಿ ನೋಡುತ್ತ ಕುಳಿತೆ. ಅವಳು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಕಣ್ಣು ಮುಚ್ಚಿ ತಿಂದಳು.

"ನಮ್ಮ ಮುತ್ಯಾ ಕೋರ್ಟ್ ಕೆಲಸಕ್ಕ ಇಲ್ಲಿಗಿ ಬರ್ತಿದ್ದ," ಎಂದಳು ಪಲ್ಲವಿಗೆ. "ತಿರುಗಿ ಬರೂವಾಗ ಧೋತರದ ಸೆರಗಿನ್ಯಾಗ ಇವೇ ಬಿಸ್ಕೀಟ್ ಕಟ್ಕೊಂಡು ಬರ್ತಿದ್ದ. ಹೈದ್ರಾಬಾದ್ ಅಂದ್ರ ನಂಗ ಇದೇ ವಾಸನಿ."

ಆಗ ನನಗೆ ಹೊಳೆಯಬೇಕಿತ್ತು. ಅವಳ ತಾತನ ಕಾಲದಿಂದ ಅವಳದಾದ ಊರನ್ನು, ರಾಣೇಬೆನ್ನೂರಿನಿಂದ ಬಂದ ನಾನು ಅವಳಿಗೆ ತೋರಿಸಲು ಹೊರಟಿದ್ದೆ. ಹೊಳೆಯಿತು ಕೂಡ, ಅಲ್ಲವೆನ್ನಲಾರೆ. ಆದರೆ ಹೊಳೆದದ್ದಕ್ಕಿಂತ ಬೇಗ ಬಾಯಿ ಆಡಿತು. ಅವಳು ಇನ್ನೊಂದು ಚಹಾ ಹೇಳಿದಾಗ, "ಬ್ಯಾಡ ಗಿರಿಜಾ, ಪಿತ್ತ ಆಕ್ಕೈತಿ" ಎಂದುಬಿಟ್ಟೆ. ಅವಳು ವೇಟರಿಗೆ "ನಕೋ" ಎಂದು ಕೈಯಾಡಿಸಿ, ಉಳಿದ ಅರ್ಧ ಬಿಸ್ಕತ್ತನ್ನು ಸಾಸರಿನಲ್ಲಿಟ್ಟಳು. ಮನೆ ತಲುಪುವವರೆಗೆ ಅವಳು ಪಲ್ಲವಿಯೊಡನೆ ಮಾತ್ರ ಮಾತಾಡಿದಳು. ನಾನು ಬಸ್ಸಿನ ಕಿಟಕಿಯಿಂದ ಹೊರಗೆ ನೋಡುತ್ತ ಆ ಅರ್ಧ ಬಿಸ್ಕತ್ತಿನ ಬಗ್ಗೆಯೇ ಯೋಚಿಸಿದೆ.

ಮೇ ಮುಗಿಯುತ್ತ ಬಂತು. ಟ್ಯಾಂಕಿನ ನೀರು ಸಂಜೆಯಾದರೂ ಕುದಿಯುತ್ತಿತ್ತು. ಕರೆಂಟು ಹೋದರೆ ಓಣಿಯವರೆಲ್ಲ ಮಾಳಿಗೆಗೆ ಬಂದು ನಿಲ್ಲುತ್ತಿದ್ದೆವು. ಶಾಲೆಯವರು ಫೋನ್ ಮಾಡಿ, ಜೂನ್ ಬರುವುದರೊಳಗೆ ತಿಳಿಸಿ, ಇನ್ನೊಬ್ಬರೂ ಕೇಳುತ್ತಿದ್ದಾರೆ ಎಂದರು. ಮನೆಯಲ್ಲಿದ್ದ ಒಂದೇ ಮೊಬೈಲು ನನ್ನದು. ಅದನ್ನು ಗಿರಿಜಾಳ ಕೈಗೆ ಕೊಟ್ಟು ನಾನು ಅಡುಗೆಮನೆಗೆ ಹೋಗಿ ನಿಂತೆ. "ಹೇಳ್ತೀನ್ರಿ ಸರ್, ಸೋಮವಾರ ಪಕ್ಕಾ ಹೇಳ್ತೀನಿ" ಎನ್ನುವುದು ಕೇಳಿಸಿತು. ಆ ದನಿಯಿಂದ ಹೌದೋ ಅಲ್ಲವೋ ತಿಳಿಯಲು ನಾನು ಪಟ್ಟ ಪಾಡು ಯಾವ ಆಡಿಟ್ಟಿನಲ್ಲೂ ಪಟ್ಟಿಲ್ಲ.

ಈ ಫೋನು ಬರುವ ಹಿಂದಿನ ಭಾನುವಾರವೇ ಗೋಲ್ಕೊಂಡಕ್ಕೆ ಹೋದದ್ದು. ಹೊತ್ತಿಳಿಯುವಾಗ ಹೋದೆವು. ಕಲ್ಲುಗಳು ಇನ್ನೂ ಒಲೆಯ ಹಾಗೆ ಕಾಯುತ್ತಿದ್ದವು. ಅರ್ಧ ಹತ್ತುವಷ್ಟರಲ್ಲಿ ಪಲ್ಲವಿಯ ಮುಖ ಕೆಂಪಗಾದದ್ದು ನೋಡಿ, ಇಲ್ಲಿಗೇ ಸಾಕು, ಮೇಲೆ ಏನಿದೆ, ಗಾಳಿ ತಾನೆ ಎಂದೆ. "ಗಾಳಿಗೇ ಬಂದೀವಲ್ರಿ" ಎಂದು ಗಿರಿಜಾ ಮಗಳ ಕೈ ಹಿಡಿದು ಮೇಲೆ ನಡೆದಳು. ನಾನು ಕೆಳಗಿಳಿದು ಬಾಗಿಲ ಕಮಾನಿನ ಅಡಿ ನಿಂತೆ.

ಆ ಕಮಾನಿನ ಅಡಿ ಚಪ್ಪಾಳೆ ತಟ್ಟಿದರೆ ಗುಡ್ಡದ ತುದಿಯಲ್ಲಿ ಕೇಳಿಸುತ್ತದೆ. ಅದು ಕೋಟೆಯ ಹಳೆಯ ಚಮತ್ಕಾರ, ಬಂದವರೆಲ್ಲ ಒಮ್ಮೆ ತಟ್ಟಿ ನೋಡಿ ಖುಷಿಪಡುತ್ತಾರೆ. ವೈರಿ ಬಂದರೆ ರಾಜನಿಗೆ ತಿಳಿಸಲು ಮಾಡಿದ ಏರ್ಪಾಡಂತೆ. ನಾನು ಅದನ್ನು ಹೆಂಡತಿಯನ್ನು ಕರೆಯಲು ಬಳಸಿದೆ. ಕತ್ತಲಾಗುತ್ತ ಬಂದಿತ್ತು, ಮೆಟ್ಟಿಲಿನಲ್ಲಿ ದೀಪವಿರಲಿಲ್ಲ, ಏನು ಮಾಡಲಿ? ತಟ್ಟಿದೆ. ಯಾರೂ ಇಳಿಯಲಿಲ್ಲ. ಮತ್ತೆ ತಟ್ಟಿದೆ. ಇನ್ನಷ್ಟು ಜೋರಾಗಿ ತಟ್ಟಿದೆ. ಗೈಡುಗಳೆಲ್ಲ ಬಂದು ನನ್ನನ್ನು ನೋಡತೊಡಗಿದರು. ಒಬ್ಬ, "ಬಸ್ ಸಾಬ್, ಕಿಲಾ ಗಿರ್ ಜಾತಾ" ಎಂದ. ಕೋಟೆಯೇ ಬಿದ್ದೀತು, ಸಾಕು ಮಾಡಿ ಎಂದರೂ ನನ್ನ ಕೈ ನಿಲ್ಲಲಿಲ್ಲ.

ಅವರು ಇಳಿದು ಬಂದರು. ಗಿರಿಜಾಳ ಮುಖದಲ್ಲಿ ಗಾಳಿಯಾಡಿದ ಗುರುತೇ ಇರಲಿಲ್ಲ. ಮನೆಗೆ ಬಂದು, ಪಲ್ಲವಿ ಮಲಗಿದ ಮೇಲೆ, ಗಿರಿಜಾ ಎದ್ದು ಹೋಗಿ ಕೂಲರು ಆರಿಸಿದಳು.

"ಊರು ಛಲೋ ಅದರಿ," ಎಂದಳು. "ಮಂದಿ ಛಲೋ ಅದಾರ. ಬಿಸಲು ನನಗ ಹೊಸದಲ್ಲ. ಆದ್ರ ನಿಮ್ಮ ಕೂಡ ಹೊರಗ ಹ್ವಾದ್ರ ಪರೀಕ್ಷಾ ಹಾಲಿನ್ಯಾಗ ಕುಂತಂಗ ಆಗ್ತದ. ಆ ಕಡಿ ನೋಡಬ್ಯಾಡ, ಈ ಕಡಿ ತಿರಗಬ್ಯಾಡ. ಮ್ಯಾಲ ಪಲ್ಲವಿಗಿ ಊರೆಲ್ಲಾ ತೋರಸ್ಲತ್ತಿದ್ದೆ, ಚಾರ್‌ಮಿನಾರ್ ಎಲ್ಲದ ಅಂತ ಹುಡಕ್ಲತ್ತಿದ್ವಿ. ಕೆಳಗಿಂದ ಚಪ್ಪಾಳಿ! ಕೋಳಿ ಓಡ್ಸಿದಂಗ!"

"ಕತ್ಲಾಗಾಕತ್ತಿತ್ತು ಗಿರಿಜಾ..."

"ಗುಲ್ಬರ್ಗಾದಾಗ ಕತ್ಲಾಗಲ್ಲೇನು? ಅಲ್ಲಿ ನಾ ಒಬ್ಬಾಕಿ ಮಗಳನ್ನ ಕರ್ಕೊಂಡು ಎಲ್ಲಾ ಕಡಿ ತಿರಗ್ತೀನಿ. ಜಡ್ಡು ಬಂದ್ರ ದವಾಖಾನಿಗಿ ಒಯ್ತೀನಿ. ಇಲ್ಲಿ ಬಂದು ಮತ್ತ ಸಣ್ಣ ಹುಡಗಿ ಆಗ್ಲಿ ಅಂತೀರೇನು? ಇಲ್ಲಿ ಬಿಸಲಿಗಿಂತ ನಿಮ್ಮ ಕಾಳಜೀನೇ ಜಾಸ್ತಿ ಸುಡ್ತದ."

ಕೂಲರಿಲ್ಲದ ಕೋಣೆಯಲ್ಲಿ ನನ್ನ ಬೆನ್ನಿನ ಮೇಲೆ ಬೆವರು ಇಳಿಯುವುದು ನನಗೇ ತಿಳಿಯುತ್ತಿತ್ತು.

"ಹಂಗಾರ ಒಲ್ಲೆ ಅಂತೀಯೇನು?"

"ಇನ್ನಾ ಅಂದಿಲ್ಲ. ಮುಂದಿನ ಐತವಾರ ಒಂದದ. ಅವತ್ತ ನಾ ಕರ್ಕೊಂಡು ಹೋಗ್ತೀನಿ, ನೀವು ಬರ್ರಿ. ಆದ್ರ ಬಾಯಿ ಮುಚ್ಕೊಂಡು ಬರಬೇಕು. ಉಳ್ಳಾಗಡ್ಡಿ ಇಲ್ಲ, ಬುತ್ತಿ ಇಲ್ಲ, ಅದು ಬ್ಯಾಡ ಇದು ಬ್ಯಾಡ ಇಲ್ಲ."

ಆ ವಾರ ನಾನು ಸುಮ್ಮನಿರುವುದನ್ನು ಅಭ್ಯಾಸ ಮಾಡಿದೆ. ಪಲ್ಲವಿ ಕುರ್ಚಿಯ ಮೇಲೆ ನಿಂತು ಅಟ್ಟದ ಡಬ್ಬಿ ತೆಗೆಯುತ್ತಿದ್ದರೆ ಬೇರೆ ಕಡೆ ನೋಡಿದೆ. ಆದರೆ ಶುಕ್ರವಾರ ಆಫೀಸಿನಿಂದ ಬಂದಾಗ ಮಂಚದ ಮೇಲೆ ಸೂಟ್‌ಕೇಸು ತೆರೆದಿತ್ತು. ಗಿರಿಜಾ ಸೀರೆಗಳನ್ನು ಮಡಿಸಿ ಒಳಗಿಡುತ್ತಿದ್ದಳು. ಹೇಗಾದರೂ ಕಲಬುರ್ಗಿಗೆ ಒಮ್ಮೆ ಹೋಗಲೇಬೇಕು, ಅಲ್ಲಿನ ಶಾಲೆಗೆ ಹೇಳಿ ಸಾಮಾನು ತರುವುದಕ್ಕಾದರೂ ಸೂಟ್‌ಕೇಸು ಬೇಕು, ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹಾಗಿದ್ದರೆ ಖಾಲಿ ಸೂಟ್‌ಕೇಸು ಒಯ್ಯಬೇಕು, ತುಂಬಿದ್ದು ಯಾಕೆ, ಎಂದು ನನಗೆ ನಾನೇ ಉತ್ತರವನ್ನೂ ಕೊಟ್ಟುಕೊಂಡೆ. ಕೇಳುವ ಧೈರ್ಯವಾಗಲಿಲ್ಲ.

ಭಾನುವಾರ ಅವಳು ನಮ್ಮನ್ನು ಕರೆದೊಯ್ದದ್ದು ಸುಲ್ತಾನ್ ಬಜಾರಿಗೆ. ಕೋಠಿಯಲ್ಲಿ ಬಸ್ಸಿಳಿದ ಕೂಡಲೇ ಅವಳು ಮುಂದೆ, ಪಲ್ಲವಿ ಅವಳ ಸೆರಗು ಹಿಡಿದು ನಡುವೆ, ನಾನು ಕೊನೆಯಲ್ಲಿ. ಗಲ್ಲಿಯ ಎರಡೂ ಕಡೆ ಬಳೆ, ಬಟ್ಟೆ, ಪ್ಲಾಸ್ಟಿಕ್ಕು, ಕೂಗು. ಗಿರಿಜಾ ದಖನಿಯಲ್ಲಿ ಚೌಕಾಸಿ ಮಾಡಿದಳು, ತೆಲುಗಿನಲ್ಲಿ ಬೈಸಿಕೊಂಡಳು, ಕನ್ನಡದಲ್ಲಿ ಗೊಣಗಿದಳು. ನಾನು ತುಟಿ ಕಚ್ಚಿಕೊಂಡು ನಡೆದೆ. ಒಂದು ಅಂಗಡಿಯ ಮುಂದೆ ಅವಳು ಬಾಗಿಲಿಗೆ ಹಾಕುವ ಪರದೆಯ ಬಟ್ಟೆ ಬಿಡಿಸಿ ನೋಡಿದಾಗ ನಾನೂ ನಿಂತುಬಿಟ್ಟೆ. ಹೋಗುವವರು ಯಾರಾದರೂ ಪರದೆ ಕೊಳ್ಳುತ್ತಾರೆಯೆ? ಅವಳು ಬಟ್ಟೆಯನ್ನು ಬೆಳಕಿಗೆ ಹಿಡಿದಳು, ಅಂಗೈಯಲ್ಲಿ ಉಜ್ಜಿದಳು, ಅಂಗಡಿಯವನೊಡನೆ ಬಹಳ ಹೊತ್ತು ವಾದಿಸಿದಳು. ಆಮೇಲೆ ಮಡಿಸಿ ಅಲ್ಲಿಯೇ ಇಟ್ಟು ಮುಂದೆ ನಡೆದಳು.

ಗಲ್ಲಿಯ ತುದಿಯ ಬಂಡಿಯಲ್ಲಿ ದೋಸೆ ತಿಂದೆವು. ಹಂಚಿನ ಮೇಲೆಯೇ ಬೆಣ್ಣೆ, ಟೊಮೇಟೊ, ಖಾರ ಎಲ್ಲ ಹಾಕಿ ಉಜ್ಜಿ ಕೊಡುವ ದೋಸೆ. ತಟ್ಟೆ ತೊಳೆಯುವ ಬಕೆಟ್ಟಿನ ಕಡೆ ನಾನು ನೋಡಲಿಲ್ಲ. ಅಲ್ಲಿಂದ ಮೊಅಜ್ಜಂ ಜಾಹಿ ಮಾರ್ಕೆಟ್ಟಿಗೆ ಹೋಗಿ, ಮರದ ಪೀಪಾಯಿಯಲ್ಲಿ ಕೈಯಿಂದ ತಿರುವಿದ ಮಾವಿನ ಐಸ್‌ಕ್ರೀಮು. ಅದು ಯಾವ ನೀರಿನ ಐಸೆಂದು ನಾನು ಕೇಳಲಿಲ್ಲ. ನಿಜ ಹೇಳಬೇಕೆಂದರೆ ಆ ದೋಸೆಯಷ್ಟು ರುಚಿಯಾದದ್ದನ್ನು, ಆ ಐಸ್‌ಕ್ರೀಮಿನಷ್ಟು ತಣ್ಣನೆಯದನ್ನು ಆ ಊರಿನಲ್ಲಿ ನಾನು ಅಲ್ಲಿಯವರೆಗೆ ತಿಂದಿರಲೇ ಇಲ್ಲ. ಪಲ್ಲವಿ ಗಲ್ಲದ ತುಂಬ ಹಳದಿ ಬಳಿದುಕೊಂಡಿದ್ದಳು. ಗಿರಿಜಾ ಕಲ್ಲಿನ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕುಳಿತು ಹೋಗುವ ಬರುವವರನ್ನು ನೋಡುತ್ತಿದ್ದಳು. ಒಮ್ಮೆ ನನ್ನ ಕಡೆ ತಿರುಗಿ, "ಇವತ್ತ ಶ್ಯಾಣ್ಯಾ ಆಗೀರಿ" ಎಂದಳು. ಜಾಣ ಎನ್ನಿಸಿಕೊಂಡ ನಾನು ಇನ್ನಷ್ಟು ಹೆದರಿದೆ. ಇಷ್ಟು ಚೆನ್ನಾಗಿ ನಡೆದ ದಿನ ಇನ್ನೂ ಮುಗಿದಿರಲಿಲ್ಲ.

ಹಿಂತಿರುಗಲು ನಾಂಪಲ್ಲಿಯಿಂದ ಎಂಎಂಟಿಎಸ್ ರೈಲು. ಊರೊಳಗೇ ಓಡುವ ಆ ಲೋಕಲ್ ರೈಲು ಆಗಿನ್ನೂ ಹೊಸದು. ನಾವು ಇಳಿಯಬೇಕಾದದ್ದು ಭರತ್ ನಗರದಲ್ಲಿ. ಗಿರಿಜಾ ನೇರ ಲೇಡೀಸ್ ಡಬ್ಬಿಯ ಕಡೆ ಹೊರಟಳು. ಎಲ್ಲರೂ ಒಂದೇ ಡಬ್ಬಿಯಲ್ಲಿ ಹೋಗೋಣ ಎನ್ನಲು ನಾನು ಬಾಯಿ ತೆರೆದೆ. ಅವಳು ನೋಡಿದಳು. ಬಾಯಿ ಮುಚ್ಚಿದೆ.

"ಭರತ್ ನಗರದಾಗ ಇಳೀತೀವಿ," ಎಂದಳು. "ನೀವು ಭೀ ಅಲ್ಲೇ ಇಳೀರಿ."

ನಾನು ಹಿಂದಿನ ಡಬ್ಬಿಗೆ ಹತ್ತಿದೆ. ರೈಲು ಹೊರಟಿತು. ಲಕಡಿಕಾಪುಲ್‌ನಲ್ಲಿ ಜನ ನುಗ್ಗಿದರು. ಆಗ ಶುರುವಾಯಿತು. ಅವರು ಹತ್ತಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಆದರೆ ಹತ್ತಿದ ಮೇಲೆ ಪಲ್ಲವಿ ಬಾಗಿಲ ಬಳಿಯೇ ನಿಂತಿದ್ದರೆ? ಈ ರೈಲಿಗೆ ಬಾಗಿಲು ಮುಚ್ಚುವ ಪದ್ಧತಿಯೇ ಇಲ್ಲವಲ್ಲ. ಈಗ ನುಗ್ಗಿದ ಹಾಗೆ ಅಲ್ಲಿಯೂ ನುಗ್ಗಿದ್ದರೆ? ಮುಂದಿನ ಸ್ಟೇಷನ್ನು ಖೈರತಾಬಾದಿನಲ್ಲಿ ಇಳಿದು ಒಮ್ಮೆ, ಒಂದೇ ಒಮ್ಮೆ, ಅವಳಿಗೆ ಗೊತ್ತಾಗದ ಹಾಗೆ ನೋಡಿ ಬಂದರಾಯಿತು. ಮಾತಾಡಬಾರದು ಎಂದಿದ್ದಳು, ನೋಡಬಾರದು ಎಂದಿರಲಿಲ್ಲ.

ಇಳಿದೆ. ಓಡಿದೆ. ಲೇಡೀಸ್ ಡಬ್ಬಿಯ ಕಿಟಕಿಯಲ್ಲಿ ಇಣುಕಿದೆ. ಗಿರಿಜಾ ಆಚೆ ಬದಿಯ ಕಿಟಕಿಗೆ ಆರಾಮಾಗಿ ಕುಳಿತಿದ್ದಳು, ಪಲ್ಲವಿ ಅವಳ ತೊಡೆಯ ಮೇಲೆ. ಪಕ್ಕದಲ್ಲಿ ಹೂ ಮುಡಿದ ಒಬ್ಬ ಹೆಂಗಸು ಏನೋ ಹೇಳುತ್ತಿದ್ದರು, ಗಿರಿಜಾ ತಲೆ ಹಿಂದೆ ಹಾಕಿ ನಗುತ್ತಿದ್ದಳು. ಆ ಬೇಸಿಗೆಯಲ್ಲಿ ಮೊದಲ ಸಲ ನನ್ನ ಎದೆಯೊಳಗೆ ಎಲ್ಲವೂ ಸಡಿಲವಾಯಿತು. ಅಬ್ಬಾ ಎಂದುಕೊಂಡು ನೋಡುತ್ತ ನಿಂತೆ.

ರೈಲು ಅಲುಗಿತು. ನನ್ನ ಡಬ್ಬಿಯ ಬಾಗಿಲು ಎದುರಿಗೆ ಬಂದಾಗ ಅಲ್ಲಿ ನೇತಾಡುತ್ತಿದ್ದವರು ಕೈ ಚಾಚಿ, "ಆವ್ ಆವ್, ಪಕಡೋ!" ಎಂದು ಕೂಗಿದರು. ನಾನು ಪಕ್ಕದಲ್ಲಿ ಓಡಿದೆ. ಓಡುವ ರೈಲು ಹತ್ತಬಾರದು ಎಂದು ಜೀವಮಾನವೆಲ್ಲ ಸಿಕ್ಕಸಿಕ್ಕವರಿಗೆ ಬುದ್ಧಿ ಹೇಳಿದವನು ನಾನು. ನನ್ನ ಕಾಲುಗಳೂ ಅದನ್ನು ಕೇಳಿಸಿಕೊಂಡಿದ್ದವು. ಅವು ಓಡಿದವೇ ಹೊರತು ಹಾರಲಿಲ್ಲ. ಮುಂದಿನ ಡಬ್ಬಿಯ ಕಿಟಕಿಯಲ್ಲಿ, ಈಚೆ ಬದಿಗೆ ಓಡಿಬಂದ ಪಲ್ಲವಿಯ ಹಳದಿ ಗಲ್ಲ ಕಾಣಿಸಿತು, ಅವಳ ಕೈ ಟಾಟಾ ಮಾಡುತ್ತಿತ್ತು. ಆಮೇಲೆ ಪ್ಲಾಟ್‌ಫಾರಮ್ಮು ಮುಗಿಯಿತು.

ಮೊಬೈಲು ನನ್ನ ಜೇಬಿನಲ್ಲಿತ್ತು. ಮನೆಯ ಕೀಲಿ ನನ್ನ ಜೇಬಿನಲ್ಲಿತ್ತು. ಮುಂದಿನ ರೈಲು ಯಾವಾಗ ಎಂದರೆ ಸ್ಟೇಷನ್ನಿನವರು ಭುಜ ಕುಣಿಸಿದರು. ಹೊರಗೆ ಓಡಿ ಬಸ್ಸು ಹತ್ತಿದೆ. ಅಮೀರ್‌ಪೇಟೆಯಲ್ಲಿ ಬಸ್ಸು ನಿಂತೇಬಿಟ್ಟಿತು. ಸಂಜೆಯ ಕ್ಲಾಸು ಬಿಟ್ಟ ಹುಡುಗ ಹುಡುಗಿಯರು ಫೈಲು ಹಿಡಿದು ರಸ್ತೆ ತುಂಬ ಹರಿಯುತ್ತಿದ್ದರು. ಇಡೀ ಊರಿನ ಭವಿಷ್ಯ ನನ್ನ ಬಸ್ಸಿನ ಮುಂದೆ ಅಡ್ಡ ನಿಂತಿತ್ತು. ಗಿರಿಜಾ ಭರತ್ ನಗರದಲ್ಲಿ ಇಳಿದಿರುತ್ತಾಳೆ. ನಾನು ಇಲ್ಲ. ನಾನು ಹಳಿಯ ಮೇಲೆ ಬಿದ್ದೆನೆಂದು ತಿಳಿದಿರುತ್ತಾಳೆ. ಅಥವಾ ತಿಳಿದಿರುವುದಿಲ್ಲ, ಇನ್ನೂ ಕೆಟ್ಟದ್ದನ್ನು ತಿಳಿದಿರುತ್ತಾಳೆ: ಈ ಮನುಷ್ಯ ಒಂದು ದಿನವೂ ತಡೆದುಕೊಳ್ಳಲಾರ ಎಂದು. ನಾಳೆ ಸೋಮವಾರ. ಅಲ್ಲಿಗೆ ಮುಗಿಯಿತು.

ಭರತ್ ನಗರದ ಪ್ಲಾಟ್‌ಫಾರಮ್ಮಿನಲ್ಲಿ ಯಾರೂ ಇರಲಿಲ್ಲ. ಅಲ್ಲಿಂದ ಮನೆಯವರೆಗೆ ಹೇಗೆ ಬಂದೆನೋ. ಬಾಗಿಲಿಗೆ ನಾನು ಹಾಕಿದ ಬೀಗ ಹಾಗೆಯೇ ಇತ್ತು. ಕೆಳಗಿನ ಮನೆಯ ಓನರಮ್ಮ, "ಇಂಕಾ ರಾಲೇದು ಸಾರ್" ಎಂದರು. ಇನ್ನೂ ಬಂದಿಲ್ಲ. ಪೊಲೀಸ್ ಸ್ಟೇಷನ್ನು ಎಲ್ಲಿದೆ ಎಂದು ಕೇಳಲು ಬಾಯಿ ತೆರೆದಾಗ ಗಲ್ಲಿಯ ತಿರುವಿನಿಂದ ಒಂದು ದನಿ ಕೇಳಿಸಿತು.

"ಅಪ್ಪಾ! ಇಲ್ಲಿ!"

ತಿರುವಿನ ಮಿರ್ಚಿ ಬಂಡಿಯ ಪಕ್ಕದ ಸ್ಟೂಲುಗಳ ಮೇಲೆ ಇಬ್ಬರೂ ಕುಳಿತಿದ್ದರು. ಮಡಿಲಿನಲ್ಲಿ ಪೇಪರಿನ ಪೊಟ್ಟಣ. ಗಿರಿಜಾ ಒಂದು ಸ್ಟೂಲನ್ನು ಕಾಲಿನಿಂದಲೇ ನನ್ನ ಕಡೆ ಸರಿಸಿದಳು.

"ಬಂದ್ರಾ? ಕುಂದರ್ರಿ. ಬಿಸಿ ಅವ."

ನಾನು ಕುಳಿತೆ. ಪಲ್ಲವಿಯ ಬಾಯಿಗೆ ಬಿಡುವಿರಲಿಲ್ಲ. "ಅಪ್ಪಾ, ನೀ ರೈಲಿನ ಕೂಡ ರೇಸ್ ಓಡ್ಲತ್ತಿದ್ದಿ! ಎಲ್ಲಾ ಆಂಟಿಗೋಳು ನೋಡಿ ನಕ್ರು!"

"ನೀ ನೋಡಿದ್ಯಾ?" ಎಂದೆ ಗಿರಿಜಾಗೆ.

"ಇಡೀ ಡಬ್ಬೀನೇ ನೋಡ್ತು. ಬಾಜೂಕಿನ ಅಮ್ಮ ಕೇಳಿದ್ರು, ಯಾರವ್ರು, ಪಾಪ, ಹಂಗ ಓಡ್ಲತ್ತಾರ ಅಂತ."

"ನೀ ಏನಂದಿ?"

"ಗೊತ್ತಿಲ್ಲ ಅಂದೆ."

ಬಂಡಿಯವನು ನನಗೂ ಒಂದು ಪೊಟ್ಟಣ ಕೊಟ್ಟ. ನಾನು ಅದನ್ನು ಕೈಯಲ್ಲಿ ಹಿಡಿದು, ಸ್ಟೇಷನ್ನಿನಿಂದ ಹೇಗೆ ಬಂದಿರಿ ಎಂದು ಕೇಳಿದೆ.

"ಹೆಂಗ ಬರ್ತಾರ? ಜರಾ ಹೊತ್ತು ನಿಮ್ಮ ಹಾದಿ ನೋಡಿದ್ವಿ. ಆಟೋದಂವ ಬಾಯಿಗಿ ಬಂದಷ್ಟು ಕೇಳ್ದ. ಅವನಿಗಿ ನಾಕು ಮಾತು ಅಂದು ಬಸ್ಸಿಗಿ ಬಂದ್ವಿ. ಕೀಲಿ ನಿಮ್ಮ ಹಂತ್ಯಾಕ ಅದ, ಮತ್ತೆಲ್ಲಿ ಹೋಗ್ಬೇಕು? ಹಸಿವಿ ಭೀ ಆಗಿತ್ತು." ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅಂಗಿ ಬೆನ್ನಿಗೆ ಅಂಟಿತ್ತು. ಸೆರಗಿನ ತುದಿಯಿಂದ ನನ್ನ ಹಣೆಯನ್ನು ಒಮ್ಮೆ ಒರೆಸಿದಳು. ಬೀದಿಯಲ್ಲಿ, ಎಲ್ಲರೆದುರು.

"ನಾಳಿಗಿ ಸಾಲಿಗಿ ಹೋಗಿ ಹ್ಞೂಂ ಅಂತೀನಿ," ಎಂದಳು.

ಇನ್ನೊಬ್ಬನಾಗಿದ್ದರೆ ಅಲ್ಲಿಗೆ ಸುಮ್ಮನಾಗುತ್ತಿದ್ದ. ನಾನು, "ಯಾಕ?" ಎಂದೆ.

"ಮತ್ತ? ನಿಮ್ಮನ್ನ ಒಬ್ಬರನ್ನೇ ಈ ಊರಾಗ ಹೆಂಗ ಬಿಡ್ಲಿ?" ಎಂದು ಅವಳು ಬಂಡಿಯವನ ಕಡೆ ತಿರುಗಿ ಇನ್ನೊಂದು ಪ್ಲೇಟು ಹೇಳಿದಳು. ಕರಿದ ಎಣ್ಣೆ ಯಾವ ಕಾಲದ್ದು ಎಂದು ನಾನು ಕೇಳಲಿಲ್ಲ.

ಜೂನಿನಲ್ಲಿ ಅವಳು ಕಾಚಿಗುಡದ ಶಾಲೆಗೆ ಹೋಗತೊಡಗಿದಳು, ಅದೇ ರೈಲಿನಲ್ಲಿ, ಅದೇ ಲೇಡೀಸ್ ಡಬ್ಬಿಯಲ್ಲಿ. ಆ ಬೇಸಿಗೆಯಲ್ಲಿ ಕೆಟ್ಟದ್ದು ಅಂತ ಆದದ್ದು ಇಷ್ಟೇ. ಒಂದು ರೈಲು ತಪ್ಪಿತು. ಅದೂ ನಾನು ಆಗಲೇ ಹತ್ತಿ ಕುಳಿತಿದ್ದ ರೈಲು.